ಬುಧ ಗ್ರಹ ಹತ್ತಿರವೇ ಇದ್ದರೂ ಅಲ್ಲಿಗೆ ಹೋಗುವುದು ಏಕೆ ಇಷ್ಟು ಕಷ್ಟ?

ನೀವು ಕೇಳಿರುವುದು ಇದು: ಗುರು, ಶನಿ ದಾಟಿ ಪ್ಲೂಟೊವರೆಗೂ ನೌಕೆಗಳು ಹೋಗಿವೆ, ಆದರೆ ಅವುಗಳಿಗಿಂತ ಎಷ್ಟೋ ಹತ್ತಿರವಿರುವ ಬುಧನತ್ತ ಇದುವರೆಗೆ ಹೊರಟದ್ದು ಬರೀ ಮೂರು ಯಾನಗಳು. ಅಲ್ಲಿನ ಬಿಸಿಗೆ ಹೆದರಿ ಯಾರೂ ಹೋಗುತ್ತಿಲ್ಲವೆ?

ಬಿಸಿಯೂ ಒಂದು ಕಾರಣ ಹೌದು. ಹಗಲಿನಲ್ಲಿ ಅಲ್ಲಿನ ನೆಲ 430 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ, ರಾತ್ರಿ ಮೈನಸ್ 180ಕ್ಕೆ ಇಳಿಯುತ್ತದೆ. ಆದರೆ ಬಿಸಿಯನ್ನು ಒಂದು ಒಳ್ಳೆಯ ಕೊಡೆ ಹಿಡಿದು ತಡೆಯಬಹುದು, ತಡೆದೂ ತೋರಿಸಿದ್ದಾರೆ. ನಿಜವಾಗಿ ಕಾಡುವುದು ವೇಗ.

ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಇಲ್ಲಿಂದ ಹಾರುವ ಪ್ರತಿಯೊಂದು ನೌಕೆಗೂ ಆ ವೇಗ ಹುಟ್ಟಿನಿಂದಲೇ ಬಂದಿರುತ್ತದೆ. ಗುರು, ಶನಿಯತ್ತ ಹೊರಟ ನೌಕೆಗೆ ಅದು ಪಿತ್ರಾರ್ಜಿತ ಆಸ್ತಿ. ಬುಧನತ್ತ ಹೊರಟದ್ದಕ್ಕೆ ಪಿತ್ರಾರ್ಜಿತ ಸಾಲ, ತೀರಿಸದೆ ಮುಂದೆ ಹೋಗುವಂತಿಲ್ಲ. ಸೂರ್ಯನ ಕಡೆಗೆ ಇಳಿಯಬೇಕಾದರೆ ಆ 30ರಲ್ಲಿ ಏಳೂವರೆಯಷ್ಟನ್ನು ಮೊದಲು ಕಳೆದುಕೊಳ್ಳಬೇಕು. ಕಳೆದುಕೊಂಡಿತು ಎನ್ನೋಣ. ಇಳಿಯತೊಡಗಿದ್ದೇ ತಡ, ಸೂರ್ಯನ ಸೆಳೆತಕ್ಕೆ ಸಿಕ್ಕಿ ವೇಗ ಮತ್ತೆ ಏರುತ್ತದೆ. ಬುಧನ ಕಕ್ಷೆಯನ್ನು ಮುಟ್ಟುವ ಹೊತ್ತಿಗೆ ನೌಕೆ ಬುಧನಿಗಿಂತ ಸೆಕೆಂಡಿಗೆ ಹತ್ತು ಕಿಲೋಮೀಟರಿನಷ್ಟು ಹೆಚ್ಚು ರಭಸದಲ್ಲಿರುತ್ತದೆ. ಅದನ್ನು ಇಳಿಸದಿದ್ದರೆ ಪಕ್ಕದಲ್ಲಿ ಹಾದುಹೋಗಬಹುದೇ ಹೊರತು ಅಲ್ಲಿ ನಿಲ್ಲಲಾಗದು. ಮಂಗಳದಲ್ಲಾದರೆ ವಾತಾವರಣಕ್ಕೆ ಮೈಯೊಡ್ಡಿ ವೇಗ ತಗ್ಗಿಸಿಕೊಳ್ಳಬಹುದು. ಬುಧನಲ್ಲಿ ಉಜ್ಜಿಕೊಳ್ಳಲು ಗಾಳಿಯೇ ಇಲ್ಲ ಎನ್ನಬೇಕು. ಗ್ರಹವೂ ಪುಟ್ಟದು, ವ್ಯಾಸ 4,880 ಕಿಲೋಮೀಟರ್. ಶನಿಯ ಚಂದ್ರ ಟೈಟನ್ ಕೂಡ ಗಾತ್ರದಲ್ಲಿ ಇದಕ್ಕಿಂತ ದೊಡ್ಡದು. ಹಾಗಾಗಿ ನೌಕೆಯನ್ನು ಹಿಡಿದು ನಿಲ್ಲಿಸುವಷ್ಟು ಸೆಳೆತವೂ ಅದಕ್ಕಿಲ್ಲ. ನೇರ ದಾರಿಯಲ್ಲಿ ಹೋಗಿ ಬುಧನ ಕಕ್ಷೆ ಸೇರಲು ಬೇಕಾಗುವ ಇಂಧನದಲ್ಲಿ ಸೌರವ್ಯೂಹವನ್ನೇ ಬಿಟ್ಟು ಹೊರಟುಹೋಗಬಹುದು. ಪ್ಲೂಟೊಗೆ ಹೋದ ನ್ಯೂ ಹೊರೈಜನ್ಸ್ ನೌಕೆ ಹಾರಿದ 13 ತಿಂಗಳಿಗೆ ಗುರುವನ್ನು ದಾಟಿತು. ನಾಸಾದ ಮೆಸೆಂಜರ್ ನೌಕೆ ಬುಧನ ಸುತ್ತ ನೆಲೆಗೊಳ್ಳಲು ಆರೂವರೆ ವರ್ಷ ದಾಟಿತು.

ಹೋಗಲಿ, ಇಲ್ಲಿಂದಲೇ ದೂರದರ್ಶಕದಲ್ಲಿ ನೋಡಿಕೊಳ್ಳೋಣ ಎಂದರೆ ಅದೂ ಸುಲಭವಲ್ಲ. ಬುಧ ಯಾವಾಗಲೂ ಸೂರ್ಯನ ಸೆರಗು ಹಿಡಿದುಕೊಂಡೇ ಇರುವ ಗ್ರಹ. 2016ರ ಮೇ 9ರಂದು ಅದು ಸೂರ್ಯಬಿಂಬದ ಮೇಲೆ ಹಾದುಹೋದಾಗ ನಾನು ಚಿಕ್ಕ ದೂರದರ್ಶಕದಿಂದ ಬಿಳಿ ಕಾಗದದ ಮೇಲೆ ಬಿಂಬ ಬೀಳಿಸಿ ನೋಡಿದ್ದೆ. ಸೂರ್ಯ ಒಂದು ಗೇಣಿನಷ್ಟು ಅಗಲ ಬಿದ್ದಿತ್ತು. ಬುಧ ಎಲ್ಲಿ ಎಂದು ಬಹಳ ಹೊತ್ತು ಹುಡುಕಿದೆ. ಎಡಬದಿಯಲ್ಲಿ ಕಂಡ ಕಪ್ಪು ಚುಕ್ಕೆಯನ್ನು ಅದೇ ಎಂದುಕೊಂಡು ಸಂಭ್ರಮಿಸಿದೆ. ಕಾಗದ ಸರಿಸಿದಾಗ ಚುಕ್ಕೆಯೂ ಜೊತೆಗೇ ಸರಿಯಿತು, ಅದು ಶಾಯಿಯ ಕಲೆ. ನಿಜವಾದ ಬುಧ ಒಂದು ಮಿಲಿಮೀಟರಿನಷ್ಟಿತ್ತು, ಅಂಚು ಮಾತ್ರ ಸೂಜಿಯಿಂದ ಚುಚ್ಚಿದಷ್ಟು ಚೊಕ್ಕ. ಇಂಥದ್ದರ ಮೇಲ್ಮೈ ನಕ್ಷೆ ಬರೆಯಲು ಹತ್ತೊಂಬತ್ತನೆಯ ಶತಮಾನದಲ್ಲಿ ಇಟಲಿಯ ಖಗೋಳಜ್ಞ ಸ್ಕಿಯಾಪರೆಲ್ಲಿ ವರ್ಷಗಟ್ಟಲೆ ಕುಳಿತಿದ್ದರು ಎಂಬುದನ್ನು ಅಂದು ನೆನೆದು ಬೆರಗಾದೆ. ಬುಧ ಸೂರ್ಯನಿಗೆ ಸದಾ ಒಂದೇ ಮುಖ ತೋರಿಸುತ್ತದೆ, 88 ದಿನಕ್ಕೊಮ್ಮೆ ತನ್ನ ಸುತ್ತ ತಿರುಗುತ್ತದೆ ಎಂದು ಅವರು ತೀರ್ಮಾನಿಸಿದರು. ಸುಮಾರು ಎಪ್ಪತ್ತೈದು ವರ್ಷ ಎಲ್ಲರೂ ಅದನ್ನೇ ನಂಬಿದ್ದರು. 1965ರಲ್ಲಿ ಅರೆಸಿಬೊ ರೇಡಾರಿನಿಂದ ಅಳೆದಾಗ ಬಂದ ಉತ್ತರ 59 ದಿನ.

ಇಲ್ಲಿ ಜುಸೆಪ್ಪೆ ಕೊಲಂಬೊ ಬರುತ್ತಾರೆ. ಗೆಳೆಯರ ಬಾಯಲ್ಲಿ ಬೇಪಿ. ಇಟಲಿಯ ಪಡುವಾ ವಿಶ್ವವಿದ್ಯಾಲಯದ ಗಣಿತಜ್ಞ. ಈ ಇಡೀ ಕಥೆಯಲ್ಲಿ ನನಗೆ ಅಚ್ಚುಮೆಚ್ಚಿನ ವ್ಯಕ್ತಿ ಇವರೇ. 59 ಎಂಬುದು ಬುಧನ ವರ್ಷವಾದ 88 ದಿನಗಳ ಮೂರರಲ್ಲಿ ಎರಡು ಪಾಲು ಎಂಬುದನ್ನು ಅವರು ಗಮನಿಸಿದರು: ಬುಧ ಸೂರ್ಯನನ್ನು ಎರಡು ಸುತ್ತು ಬರುವಷ್ಟರಲ್ಲಿ ತನ್ನ ಅಕ್ಷದ ಮೇಲೆ ಸರಿಯಾಗಿ ಮೂರು ಸುತ್ತು ತಿರುಗುತ್ತದೆ. ಆಮೇಲೆ ನಾಸಾದವರು ಮ್ಯಾರಿನರ್ 10 ನೌಕೆಯನ್ನು ಶುಕ್ರನ ಸೆಳೆತ ಬಳಸಿ ಬುಧನ ಬಳಿ ಒಮ್ಮೆ ಹಾಯಿಸುವ ಯೋಜನೆ ಹಾಕುತ್ತಿದ್ದರು. 1970ರಲ್ಲಿ ಅದರ ಸಭೆಗೆ ಹೋಗಿದ್ದ ಕೊಲಂಬೊ ಅವರ ಕಣ್ಣಿಗೆ ಮತ್ತೊಂದು ಲೆಕ್ಕ ಬಿತ್ತು. ಬುಧನನ್ನು ದಾಟಿದ ಮೇಲೆ ನೌಕೆ ಸೂರ್ಯನನ್ನು ಒಂದು ಸುತ್ತು ಹಾಕಲು ಹೆಚ್ಚುಕಡಿಮೆ 176 ದಿನ ಬೇಕು, ಅಷ್ಟರಲ್ಲಿ ಬುಧ ಎರಡು ಸುತ್ತು ಮುಗಿಸಿ ಅದೇ ಜಾಗಕ್ಕೆ ಬಂದಿರುತ್ತದೆ. ನೌಕೆಯನ್ನು ಮತ್ತೆ ಅಲ್ಲಿಗೇ ಕರೆತರಬಹುದಲ್ಲ ಎಂದು ಕೇಳಿದರು. ಎಂಜಿನಿಯರುಗಳು ಲೆಕ್ಕ ಹಾಕಿ ನೋಡಿದರು. ಹೌದು, ಬರುತ್ತದೆ. ಒಂದು ಭೇಟಿಯ ಖರ್ಚಿನಲ್ಲಿ ಮೂರು ಭೇಟಿ ಸಿಕ್ಕಿದವು: 1974ರ ಮಾರ್ಚ್, 1974ರ ಸೆಪ್ಟೆಂಬರ್, 1975ರ ಮಾರ್ಚ್.

ದಾರಿಯಲ್ಲಿ ಪಟ್ಟ ಪಾಡು ಕಡಿಮೆಯದಲ್ಲ. ಮ್ಯಾರಿನರ್ ದಿಕ್ಕು ತಿಳಿಯಲು ಅಗಸ್ತ್ಯ ನಕ್ಷತ್ರದ ಮೇಲೆ ಕಣ್ಣಿಟ್ಟಿತ್ತು. ನೌಕೆಯ ಮೈಯಿಂದಲೇ ಎದ್ದ ಬಣ್ಣದ ಹೊಪ್ಪಳೆಗಳು ಬಿಸಿಲಿಗೆ ಮಿನುಗಿದಾಗ ಅವನ್ನೇ ನಕ್ಷತ್ರವೆಂದು ಬಗೆದು ಅತ್ತ ತಿರುಗುತ್ತಿತ್ತು. (ಶಾಯಿಯ ಕಲೆಗೆ ಮೋಸಹೋದ ನನಗೆ ಇದನ್ನು ಓದಿ ಸ್ವಲ್ಪ ಸಮಾಧಾನವಾಯಿತು.) ನೌಕೆಯ ನಿಲುವನ್ನು ಸರಿಪಡಿಸುವ ಅನಿಲ ಮುಗಿಯುತ್ತ ಬಂದಾಗ ಎಂಜಿನಿಯರುಗಳು ಸೌರಫಲಕಗಳನ್ನು ಹಾಯಿಯಂತೆ ಓರೆ ಮಾಡಿ, ಬಿಸಿಲಿನ ಒತ್ತಡದಿಂದಲೇ ನೌಕೆಯನ್ನು ನೆಟ್ಟಗೆ ನಿಲ್ಲಿಸಿದರು. ಅಷ್ಟು ಚಿಕ್ಕ ಗ್ರಹಕ್ಕೆ ಇರಲಾರದು ಎಂದುಕೊಂಡಿದ್ದ ಕಾಂತಕ್ಷೇತ್ರ ಪತ್ತೆಯಾದದ್ದು ಈ ಯಾನದಲ್ಲೇ.

ಆದರೆ ಆ 176 ದಿನಗಳ ಲೆಕ್ಕದಲ್ಲೇ ಒಂದು ಕೊಕ್ಕೆ ಇತ್ತು. ಎರಡು ಬುಧವರ್ಷ ಎಂದರೆ ಅಲ್ಲಿ ಒಂದು ಸೂರ್ಯೋದಯದಿಂದ ಮರು ಸೂರ್ಯೋದಯದವರೆಗಿನ ಅವಧಿ. ಹಾಗಾಗಿ ನೌಕೆ ಮೂರು ಸಲ ಬಂದಾಗಲೂ ಬೆಳಕಿದ್ದದ್ದು ಅದೇ ಮಗ್ಗುಲಿಗೆ. ಗ್ರಹದ ಅರ್ಧಕ್ಕಿಂತ ಕಡಿಮೆ ಭಾಗದ ಚಿತ್ರ ಸಿಕ್ಕಿತು. ಉಳಿದರ್ಧವನ್ನು ನೋಡಲು ಮೂವತ್ತಮೂರು ವರ್ಷ ಕಾಯಬೇಕಾಯಿತು.

ಈ ನಡುವೆ ನಾಸಾದ ಜೆಪಿಎಲ್ ಪ್ರಯೋಗಾಲಯದಲ್ಲಿದ್ದ ಚೆನ್-ವಾನ್ ಯೆನ್ ಎಂಬ ವಿಜ್ಞಾನಿ 1985ರಲ್ಲಿ ದಾರಿ ತೋರಿಸಿದರು: ಬರೀ ಶುಕ್ರನಲ್ಲ, ಬುಧನನ್ನೇ ಹಲವು ಸಲ ಹಾದು, ಪ್ರತಿ ಸಲ ಸ್ವಲ್ಪ ಸ್ವಲ್ಪ ವೇಗ ಕಳೆದುಕೊಳ್ಳುತ್ತ ಹೋದರೆ ಕೊನೆಗೆ ಕಕ್ಷೆ ಸೇರಬಹುದು. ಗ್ರಹದ ಮುಂದುಗಡೆಯಿಂದ ಹಾದರೆ ಅದರ ಸೆಳೆತ ನೌಕೆಯನ್ನು ಹಿಂದಕ್ಕೆ ಜಗ್ಗುತ್ತದೆ. ಇಂಧನ ಸುಡದೆ ಸಿಗುವ ಬ್ರೇಕ್ ಅದು. 2004ರ ಆಗಸ್ಟಿನಲ್ಲಿ ಹಾರಿದ ಮೆಸೆಂಜರ್ ಭೂಮಿಯನ್ನು ಒಮ್ಮೆ, ಶುಕ್ರನನ್ನು ಎರಡು ಸಲ, ಬುಧನನ್ನು ಮೂರು ಸಲ ಹಾದು 2011ರ ಮಾರ್ಚ್ 18ರಂದು ಕಕ್ಷೆ ಸೇರಿತು. ಇಷ್ಟು ಬ್ರೇಕ್ ಬಿಟ್ಟಿಯಾಗಿ ಸಿಕ್ಕಿದರೂ ಹೊರಟಾಗ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಇಂಧನವೇ ಇತ್ತು. ಮೇಲೆ ಹೇಳಿದ ಕೊಡೆಯನ್ನು ಹಿಡಿದದ್ದೂ ಇದೇ ನೌಕೆ, ಸೆರಾಮಿಕ್ ಬಟ್ಟೆಯ ಒಂದು ಪರದೆ. ಅದರ ಬಿಸಿಲಿನ ಬದಿ ಸುಡುತ್ತಿದ್ದರೂ ಹಿಂದಿದ್ದ ಉಪಕರಣಗಳು ಹೆಚ್ಚುಕಡಿಮೆ ಕೋಣೆಯ ಉಷ್ಣತೆಯಲ್ಲಿ ಕೆಲಸ ಮಾಡಿದವು.

ಒಂದು ವರ್ಷಕ್ಕೆಂದು ಹೋದದ್ದು ನಾಲ್ಕು ವರ್ಷ ದುಡಿಯಿತು. ಧ್ರುವಗಳ ಬಳಿ ಎಂದೂ ಬಿಸಿಲು ಬೀಳದ ಕುಳಿಗಳಲ್ಲಿ ನೀರಿನ ಮಂಜುಗಡ್ಡೆ ಇದೆ ಎಂಬ ಹಳೆಯ ರೇಡಾರ್ ಸುಳಿವಿಗೆ ಬಲವಾದ ಸಾಕ್ಷ್ಯ ಕೊಟ್ಟಿತು. ಅಲ್ಲಿನ ಕುಳಿಗಳಿಗೆ ಕವಿ, ಕಲಾವಿದರ ಹೆಸರಿಡುವುದು ರೂಢಿ. ವ್ಯಾಸ, ವಾಲ್ಮೀಕಿ, ಕಾಳಿದಾಸ ಎಲ್ಲರೂ ಅಲ್ಲಿದ್ದಾರೆ. ತ್ಯಾಗರಾಜ ಎಂಬ ಕುಳಿಯ ತಳದಲ್ಲಿ ಹುಳು ತಿಂದ ಎಲೆಯಂತೆ ಹೊಳೆಯುವ ತಗ್ಗುಗಳು ಕಂಡವು. ನೆಲದೊಳಗಿನ ಯಾವುದೋ ವಸ್ತು ಆವಿಯಾಗಿ ಹೋಗಿ ಹೀಗೆ ಕುಸಿದಿರಬೇಕು ಎಂಬುದು ವಿಜ್ಞಾನಿಗಳ ಊಹೆ. ಬೆಂದು ಸತ್ತ ಗ್ರಹ ಎಂದು ನಾವು ಕೈಬಿಟ್ಟಿದ್ದ ಜಾಗ ಇದು!

ಇಂಧನ ಮುಗಿದ ಮೇಲೆ, ಟ್ಯಾಂಕಿನೊಳಗೆ ಒತ್ತಡಕ್ಕೆಂದು ತುಂಬಿದ್ದ ಹೀಲಿಯಂ ಅನಿಲವನ್ನೇ ಊದಿಸಿ ಇನ್ನಷ್ಟು ವಾರ ತಳ್ಳಿದರು. 2015ರ ಏಪ್ರಿಲ್ 30ರಂದು ಮೆಸೆಂಜರ್ ಸೆಕೆಂಡಿಗೆ ಸುಮಾರು 4 ಕಿಲೋಮೀಟರ್ ವೇಗದಲ್ಲಿ ಬುಧನಿಗೆ ಅಪ್ಪಳಿಸಿತು, ಅದೂ ಭೂಮಿಗೆ ಕಾಣದ ಮಗ್ಗುಲಿನಲ್ಲಿ. ಬಿದ್ದ ಗುಂಡಿ 16 ಮೀಟರ್ ಅಗಲವಿರಬಹುದು ಎಂದು ಅಂದಾಜಿಸಿದ್ದರು.

ಮೂರನೆಯದು ಯುರೋಪ್ ಮತ್ತು ಜಪಾನಿನ ಬಾಹ್ಯಾಕಾಶ ಸಂಸ್ಥೆಗಳ ಜಂಟಿ ಯಾನ, 2018ರ ಅಕ್ಟೋಬರಿನಲ್ಲಿ ಹಾರಿತು. ಹೆಸರು ಬೇಪಿಕೊಲಂಬೊ, ಯಾರ ಹೆಸರೆಂದು ಈಗ ನಿಮಗೆ ಗೊತ್ತು. ಕೊಲಂಬೊ 1984ರಲ್ಲೇ ತೀರಿಕೊಂಡಿದ್ದರು. ಈ ಯಾನದಲ್ಲಿ ಎರಡು ನೌಕೆಗಳಿವೆ, ತಳ್ಳಲು ವಿದ್ಯುತ್ತಿನಿಂದ ನಡೆಯುವ ಅಯಾನ್ ಎಂಜಿನ್ನುಗಳಿವೆ, ಆದರೂ ಭೂಮಿಯನ್ನು ಒಮ್ಮೆ, ಶುಕ್ರನನ್ನು ಎರಡು ಸಲ, ಬುಧನನ್ನು ಆರು ಸಲ ಹಾದು ವೇಗ ಇಳಿಸಿಕೊಳ್ಳಬೇಕಾಯಿತು. 2024ರಲ್ಲಿ ಎಂಜಿನ್ನುಗಳಿಗೆ ಪೂರ್ತಿ ವಿದ್ಯುತ್ ಸಿಗದ ತೊಂದರೆ ಕಾಣಿಸಿಕೊಂಡಿತು. ಹಾಗಾಗಿ 2025ರ ಡಿಸೆಂಬರಿಗೆ ಕಕ್ಷೆ ಸೇರಬೇಕಿದ್ದದ್ದನ್ನು 2026ರ ನವೆಂಬರಿಗೆ ಮುಂದೂಡಿದರು. ಎಂಟು ವರ್ಷ ಏಕೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೆ: ಅದರಲ್ಲಿ ಹೆಚ್ಚಿನ ಪಾಲು ಹೋಗುವುದಕ್ಕಲ್ಲ, ನಿಧಾನವಾಗುವುದಕ್ಕೆ ಹಿಡಿದದ್ದು.

ಅದು ಕಳಿಸುವ ಚಿತ್ರಗಳಲ್ಲಿ ನಾನು ಮೊದಲು ಹುಡುಕುವುದು ಮೆಸೆಂಜರ್ ಬಿದ್ದ ಆ ಗುಂಡಿಯನ್ನು. ಈ ಸಲ ಶಾಯಿಯ ಕಲೆಯಲ್ಲ ಎಂದು ಎರಡು ಸಲ ನೋಡಿಕೊಂಡೇ ಹೇಳುತ್ತೇನೆ.