ಹಳೆ ಫ್ರೆಂಚ್ ಸೈಕಲ್ ಕ್ರ್ಯಾಂಕಿಗೆ ಹೊಸ ಪೆಡಲ್ ಕೂರುತ್ತಿಲ್ಲ

ಹೊಸ ಪೆಡಲ್ ಎರಡು ಸುತ್ತು ಹೋಗಿ ಬಿಗಿಯಾಗುತ್ತಿದೆ ಅಂದರೆ ಥ್ರೆಡ್ ಕೆಟ್ಟಿರೋದಲ್ಲ, ಅಳತೆಯೇ ಬೇರೆ ಇರಬೇಕು. ಹಳೆ ಫ್ರೆಂಚ್ ಕ್ರ್ಯಾಂಕಿನ (ಪೆಡಲ್ ಕೂರುವ ತೋಳು) ಥ್ರೆಡ್ 14 ಮಿ.ಮೀ., ಈಗಿನ ಪೆಡಲ್‌ಗಳದ್ದು 9/16 ಇಂಚು, ಅಂದರೆ ಸುಮಾರು 14.3 ಮಿ.ಮೀ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ದಯವಿಟ್ಟು ಸ್ಪ್ಯಾನರ್ ಹಾಕಿ ಬಲವಂತ ಮಾಡಬೇಡಿ, ಕ್ರ್ಯಾಂಕ್ ಹಾಳಾಗುತ್ತದೆ.

ಮೊದಲು ಬಿಚ್ಚಿಟ್ಟ ಹಳೆ ಪೆಡಲ್‌ನ ತುದಿ ಉಜ್ಜಿ ನೋಡಿ. ಒಂದರಲ್ಲಿ 'ಡಿ' (D, ಫ್ರೆಂಚಿನಲ್ಲಿ ಬಲ), ಇನ್ನೊಂದರಲ್ಲಿ 'ಜಿ' (G, ಎಡ) ಅಕ್ಷರ ಇದ್ದರೆ ಫ್ರೆಂಚ್ ಅಳತೆ ಅನ್ನೋದು ಹೆಚ್ಚುಕಡಿಮೆ ಖಾತ್ರಿ. ಅಕ್ಷರ ಸವೆದಿದ್ದರೆ ಕ್ಯಾಲಿಪರ್ ಹಿಡಿದು ಥ್ರೆಡ್‌ನ ದಪ್ಪ ಅಳೆಯಿರಿ. 14 ಮಿ.ಮೀ.ಗಿಂತ ಒಂಚೂರು ಕಡಿಮೆ ಬಂದರೆ ಫ್ರೆಂಚ್.

ಆಮೇಲೆ ಎರಡು ದಾರಿ. ಹಳೆ ಪೆಡಲ್‌ನ ಸ್ಪಿಂಡಲ್ (ಒಳಗಿನ ಅಚ್ಚು) ನೆಟ್ಟಗಿದ್ದರೆ ಬೇರಿಂಗ್ ಗುಂಡು, ಗ್ರೀಸ್ ಬದಲಿಸಿ ಅದನ್ನೇ ಹಾಕಿ, ನಾನಾದರೆ ಇದನ್ನೇ ಮಾಡುತ್ತೇನೆ, ಸೈಕಲ್ಲಿನ ಮೂಲ ರೂಪವೂ ಉಳಿಯುತ್ತದೆ ಅಲ್ವಾ. ಅದು ಆಗದಿದ್ದರೆ ಕ್ರ್ಯಾಂಕಿಗೆ 9/16 ಇಂಚು, ಇಂಚಿಗೆ 20 ಥ್ರೆಡ್‌ನ ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ಹೊಡೆಸಿ. ಎಡಗಡೆಗೆ ಉಲ್ಟಾ ಥ್ರೆಡ್‌ನ ಟ್ಯಾಪೇ ಬೇಕು, ಇದನ್ನು ಮೆಕ್ಯಾನಿಕ್‌ಗೆ ಮೊದಲೇ ಹೇಳಿಬಿಡಿ. ಎಣ್ಣೆ ಬಿಟ್ಟುಕೊಂಡು, ಅರ್ಧ ಸುತ್ತು ಮುಂದೆ, ಸ್ವಲ್ಪ ಹಿಂದೆ, ಹೀಗೆ ನಿಧಾನಕ್ಕೆ ಕೊರೆಯಬೇಕು. ಒಮ್ಮೆ ಕೊರೆದ ಮೇಲೆ ಹಳೆ ಪೆಡಲ್ ಅದಕ್ಕೆ ಮತ್ತೆ ಕೂರುವುದಿಲ್ಲ, ಯೋಚಿಸಿ ಮಾಡಿ.