ಗದಗದಲ್ಲೇ ಇದ್ದುಕೊಂಡು ಪ್ರವಾಸ ಬರಹಗಾರನಾಗಬಹುದೇ?

ಗದಗದಲ್ಲಿ ನೌಕರಿ, ರಜೆ ಕಡಿಮೆ, ಕೈಯಲ್ಲಿ ದುಡ್ಡೂ ಅಷ್ಟಕ್ಕಷ್ಟೆ. ಹೀಗಿದ್ದು ಪ್ರವಾಸ ಬರಹ ಶುರು ಮಾಡುವುದು ಹೇಗೆ ಎಂದು ಕೇಳಿದ್ದೀರಿ. ಶುರು ಮಾಡಿ, ಆದರೆ ನೌಕರಿ ಬಿಡಬೇಡಿ. ಪುರವಣಿಯ ಒಂದು ಲೇಖನಕ್ಕೆ ಸಿಗುವ ಸಂಭಾವನೆಯಲ್ಲಿ ಎಷ್ಟೋ ಸಲ ತಿರುಗಾಟದ ಖರ್ಚೂ ಹುಟ್ಟುವುದಿಲ್ಲ. ಅದಕ್ಕೇ ಮೊದಲ ಹತ್ತು ಬರಹ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವಷ್ಟು ದೂರದ ಊರುಗಳ ಮೇಲಿರಲಿ. ಹಂಪಿಯ ಬಗ್ಗೆ ಬರೆಯುವವರಿಗೆ ಬರವಿಲ್ಲ. ಡಂಬಳದ ದೊಡ್ಡಬಸಪ್ಪನ ಗುಡಿಯನ್ನು ನೋಡಿ ಬರೆಯುವವರು ಕಡಿಮೆ.

ಲಕ್ಕುಂಡಿಯನ್ನೇ ತೆಗೆದುಕೊಳ್ಳಿ, ಗದಗಿನಿಂದ 12 ಕಿ.ಮೀ. ಒಂದು ಲೇಖನಕ್ಕೆ ಕನಿಷ್ಠ ಎರಡು ಸಲ ಹೋಗಬೇಕು. ಮೊದಲ ಸಲ ಕ್ಯಾಮೆರಾ ಚೀಲದಲ್ಲೇ ಇರಲಿ, ಕೈಯಲ್ಲಿ ನೋಟುಬುಕ್ಕು ಸಾಕು. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಮುಂದೆ ಅರ್ಧ ಗಂಟೆ ನಿಲ್ಲಿ. ಹೊರಗಿನಿಂದ ಒಳಕ್ಕೆ ಒಂದೊಂದೇ ಪಟ್ಟಿ ಎಣಿಸಿ, ಯಾವುದರಲ್ಲಿ ಬಳ್ಳಿ, ಯಾವುದರಲ್ಲಿ ಕಂಬ, ಯಾವುದರಲ್ಲಿ ಮನುಷ್ಯರು ಎಂದು ಬರೆದುಕೊಳ್ಳಿ. ಇಷ್ಟು ಮಾಡಿದವರು 'ಅದ್ಭುತ ಕೆತ್ತನೆ' ಎಂದು ಬರೆಯುವುದೇ ಇಲ್ಲ, ಬರೆಯಲು ಬೇರೆ ಇರುತ್ತದೆ. ಎರಡನೇ ಸಲ ಫೋಟೊ: ಬಳಪದ ಕಲ್ಲಿನ ಸಣ್ಣ ಕೆಲಸ ಬೆಳಗಿನ, ಸಂಜೆಯ ಓರೆಬಿಸಿಲಿಗೆ ಎದ್ದು ಕಾಣುತ್ತದೆ, ನಡುಮಧ್ಯಾಹ್ನ ಚಪ್ಪಟೆಯಾಗುತ್ತದೆ. ಟ್ರೈಪಾಡ್, ಡ್ರೋನ್‌ಗೆ ಮೊದಲೇ ಅನುಮತಿ ಬೇಕು.

ತಪ್ಪಾಗುವುದು ಹೆಚ್ಚಾಗಿ ಇತಿಹಾಸದಲ್ಲಿ. ಶಾಸನದ ಶಕವರ್ಷವನ್ನು ಹಾಗೇ ಇಸವಿ ಎಂದು ಇಳಿಸುವವರಿದ್ದಾರೆ. ಅದಕ್ಕೆ 78 ಕೂಡಿಸಬೇಕು (ಶಕವರ್ಷದ ಕೊನೆಯ ತಿಂಗಳುಗಳಲ್ಲಿ 79). ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯದ ಕಾಲ ಕ್ರಿ.ಶ. 1007 ಎಂದರೆ ಶಕ 929. 'ನೂರೊಂದು ಗುಡಿ, ನೂರೊಂದು ಬಾವಿ' ಎಂಬ ಊರಿನ ಮಾತು ಚೆಂದ, ಖಂಡಿತ ಬರೆಯಿರಿ, ಆದರೆ ಊರವರ ಮಾತೆಂದೇ ಬರೆಯಿರಿ. ಅದು ಲೆಕ್ಕವಲ್ಲ.

ಓದುಗರಿಗೆ ನಿಜಕ್ಕೂ ಉಪಯೋಗಕ್ಕೆ ಬರುವುದು ಕೊನೆಯ ಬಸ್ಸಿನ ವೇಳೆ, ಕುಡಿಯುವ ನೀರು, ಶೌಚಾಲಯ, ಊಟದ ಖಾನಾವಳಿ. ಬಸ್ಸಿನ ವೇಳೆಯನ್ನು ನಿಲ್ದಾಣದ ಕಂಟ್ರೋಲರ್ ಹತ್ತಿರವೇ ಕೇಳಿ. ಮೊಬೈಲಿನಲ್ಲಿ ಸಿಕ್ಕಿದ್ದನ್ನು ನಂಬಿ ಬರೆದರೆ ಯಾರೋ ಮಕ್ಕಳು ಮರಿ ಕಟ್ಟಿಕೊಂಡು ರಾತ್ರಿ ರಸ್ತೆಯಲ್ಲಿ ನಿಲ್ಲಬೇಕಾಗುತ್ತದೆ.

ಇನ್ನು ಕಳಿಸುವ ವಿಚಾರ. ಋತುವಿನ ಬರಹಕ್ಕೆ ಒಂದೂವರೆ ತಿಂಗಳು ಮುಂಚೆ ಸಂಪಾದಕರಿಗೆ ನಾಲ್ಕು ಸಾಲಿನ ಮೇಲ್ ಹಾಕಿ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುವುದು ಚಳಿಗಾಲಕ್ಕೆ. ಅವು ಹಾರಿಹೋಗುವ ಹೊತ್ತಿಗೆ ಲೇಖನ ಕಳಿಸಿದರೆ ಯಾರಿಗೂ ಬೇಡ. ಉದ್ದ 600–700 ಪದ ಸಾಕು. ಬರಹ 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಬೇಕೋ ಯೂನಿಕೋಡ್‌ನಲ್ಲೋ ಎಂದು ಮೊದಲೇ ಕೇಳಿಕೊಳ್ಳಿ, ಇಲ್ಲವಾದರೆ ಅಲ್ಲಿ ತೆರೆದಾಗ ಅಕ್ಷರ ಚೆಲ್ಲಾಪಿಲ್ಲಿ. ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಸುಮ್ಮನೆ ಕಳಿಸಿದರೆ ಕುಗ್ಗಿ ಅಚ್ಚಿಗೆ ಬಾರದಂತಾಗುತ್ತವೆ. ಮೇಲ್‌ನಲ್ಲಿ ಮೂಲ ಅಳತೆಯಲ್ಲೇ ಕಳಿಸಿ, ಪ್ರತಿಯೊಂದಕ್ಕೂ ಅಡಿಬರಹ ಇರಲಿ. ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ವಿಚಾರಿಸಿ, ಅವರು ಬೇಡ ಎಂದ ಮೇಲಷ್ಟೇ ಇನ್ನೊಂದು ಪತ್ರಿಕೆಗೆ ಕಳಿಸಿ.