ಕತೆ ಓದಿ, ಪಕ್ಕದ ಜಾಹೀರಾತನ್ನೂ ಓದಿ

ಈ ಸಲ ಓದುಗರಿಗೆ ಉತ್ತರಿಸಿರುವವರು ಧಾರವಾಡದವರು, ವಿಶ್ವವಿದ್ಯಾಲಯವೊಂದರಲ್ಲಿ ಸ್ಪ್ಯಾನಿಷ್ ಸಾಹಿತ್ಯ ಕಲಿಸುವ ಪ್ರಾಧ್ಯಾಪಕಿ. ಸ್ಪ್ಯಾನಿಷ್ ಭಾಷೆಯ ಹಳೆಯ ಪತ್ರಿಕೆಗಳು ಇವರ ಸಂಶೋಧನೆಯ ವಿಷಯ.

ಮಾರ್ಕೆಸ್ ಓದಿ ಸ್ಪ್ಯಾನಿಷ್ ಸಾಹಿತ್ಯದ ಗೀಳು ಹತ್ತಿದೆ. ನೀವೇಕೆ ಕಾದಂಬರಿ ಬಿಟ್ಟು ಹಳೇ ಪೇಪರ್ ಹಿಡಿದುಕೊಂಡಿರಿ ಮೇಡಂ?
– ಬಿ.ಎ. ವಿದ್ಯಾರ್ಥಿ, ತುಮಕೂರು

ನಿಮ್ಮ ಮಾರ್ಕೆಸ್ ಹೊಟ್ಟೆ ಹೊರೆದದ್ದೇ ಪೇಪರಿನಿಂದ! ಅವರ ದೇಶ ಕೊಲಂಬಿಯಾದಲ್ಲೇ, 1948ರಲ್ಲಿ ಕಾರ್ತಹೇನಾದ ಒಂದು ಪತ್ರಿಕೆ, 1950ರಿಂದ ಬಾರಾಂಕಿಯಾದ ‘ಎಲ್ ಎರಾಲ್ಡೊ’. ಅಲ್ಲಿ ‘ಸೆಪ್ಟಿಮುಸ್’ ಎಂಬ ಹೆಸರಿನಲ್ಲಿ ಅಂಕಣ ಬರೆಯುತ್ತಿದ್ದರು. 1955ರಲ್ಲಿ ಬೊಗೊಟಾದ ‘ಎಲ್ ಎಸ್ಪೆಕ್ಟಡೋರ್’ನಲ್ಲಿ, ಹತ್ತು ದಿನ ಕಡಲಲ್ಲಿ ತೇಲಿ ಬದುಕಿ ಬಂದ ನಾವಿಕನ ಕತೆಯನ್ನು 14 ಕಂತುಗಳಲ್ಲಿ ಬರೆದರು. ಬಿರುಗಾಳಿಯಿಂದ ಅನಾಹುತವಾಯಿತು ಎಂದು ಸರ್ಕಾರ ಹೇಳಿತ್ತು. ಬಿರುಗಾಳಿಯೇ ಇರಲಿಲ್ಲ, ನೌಕಾಪಡೆಯ ಹಡಗಿನಲ್ಲಿ ಕಳ್ಳಸಾಗಣೆ ಮಾಡುತ್ತಿದ್ದ ಫ್ರಿಜ್ಜು, ವಾಷಿಂಗ್ ಮಷಿನ್ನುಗಳು ಕಟ್ಟು ಬಿಚ್ಚಿಕೊಂಡವು ಎಂದ ನಾವಿಕ. ಆಗ ಅಲ್ಲಿ ಸೇನಾಡಳಿತ. 1970ರಲ್ಲಿ ಪುಸ್ತಕವಾಗಿ ಬಂದಾಗ ಜನ ಅದನ್ನು ಸಾಹಸದ ಕತೆಯೆಂದು ಓದಿದರು. ಪೇಪರಿನಲ್ಲಿ ಕಂತು ಕಂತಾಗಿ ಓದಿ ನೋಡಿ, ಅದು ಸರ್ಕಾರದ ಜೊತೆಗಿನ ಜಟಾಪಟಿ.

ಇನ್ನೂ ಹಿಂದಕ್ಕೆ ಹೋದರೆ ನನ್ನ ಮೆಚ್ಚಿನ ಒರಾಸಿಯೊ ಕಿರೋಗಾ. 1898ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಶುರುವಾದ ‘ಕಾರಾಸ್ ಇ ಕಾರೇತಾಸ್’ ವಾರಪತ್ರಿಕೆಗೆ ಕತೆ ಬರೆಯುತ್ತಿದ್ದವರು. ಚಿತ್ರವೂ ಸೇರಿ ಕತೆ ಒಂದೇ ಪುಟದಲ್ಲಿ ಮುಗಿಯಬೇಕೆಂದು ಸಂಪಾದಕ ಲೂಯಿಸ್ ಪಾರ್ದೊ ಹಟ ಹಿಡಿಯುತ್ತಿದ್ದನಂತೆ. ಲೆಕ್ಕ ಎಷ್ಟು? 1,256 ಪದ. ಒಂದು ಹೆಚ್ಚಾದರೂ ಕತ್ತರಿ! ಕಿರೋಗಾನೇ ಮುಂದೆ ಇದನ್ನು ಬರೆದಿದ್ದಾನೆ, ಬೈದುಕೊಂಡಲ್ಲ, ಋಣ ಸಂದಾಯ ಮಾಡುವ ಧಾಟಿಯಲ್ಲಿ. 1907ರಲ್ಲಿ ಅಲ್ಲಿ ಬಂದ ‘ಗರಿಯ ದಿಂಬು’ ಕತೆ ನೋಡಿ. ಹೊಸದಾಗಿ ಮದುವೆಯಾದ ಹುಡುಗಿ ಹಾಸಿಗೆ ಹಿಡಿದು ದಿನೇದಿನೇ ಸೊರಗುತ್ತಾಳೆ, ವೈದ್ಯರಿಗೆ ಕಾರಣ ತಿಳಿಯದು. ಅವಳು ಸತ್ತ ಮೇಲೆ ದಿಂಬು ಸೀಳಿದರೆ ಒಳಗೆ ರಕ್ತ ಕುಡಿದು ಉಬ್ಬಿದ ಹುಳ. ಗಂಡನ ಹಿನ್ನೆಲೆ ಇಲ್ಲ, ಊರಿನ ವರ್ಣನೆ ಇಲ್ಲ. ಇದೇನು ಬಿಗಿ ಎಂದು ವಿಮರ್ಶಕರು ತಲೆದೂಗುತ್ತಾರೆ. ಆ ಬಿಗಿಯಲ್ಲಿ ಪಾರ್ದೊನ ಕತ್ತರಿಯ ಪಾಲೂ ಇದೆ. ಅದೇ ವಾರಪತ್ರಿಕೆಯ ಹಾಳೆ ತಿರುವಿದರೆ ಸಿಗರೇಟು, ಟಾನಿಕ್‌ಗಳ ಜಾಹೀರಾತು. ನಿತ್ರಾಣಕ್ಕೆ ಟಾನಿಕ್ ಕೊಳ್ಳುವವರೇ ಈ ಕತೆಯನ್ನೂ ಓದುತ್ತಿದ್ದರು ಎಂಬುದು ಪುಸ್ತಕ ಓದಿದರೆ ಹೊಳೆಯುವುದಿಲ್ಲ. ನಾನು ಪೇಪರ್ ಹಿಡಿದದ್ದು ಇದಕ್ಕೇ.

ಮಗಳು ಪಿಯುಸಿ ಮುಗಿಸಿ ಸ್ಪ್ಯಾನಿಷ್ ಓದುತ್ತೇನೆ ಅನ್ನುತ್ತಿದ್ದಾಳೆ. ಇದರಿಂದ ಹೊಟ್ಟೆ ತುಂಬುತ್ತದೆಯೇ?
– ಗೃಹಿಣಿ, ಹುಬ್ಬಳ್ಳಿ

ತುಂಬುತ್ತದೆ ತಾಯಿ, ಆದರೆ ಸಾಹಿತ್ಯದಿಂದಲ್ಲ, ಭಾಷೆಯಿಂದ. ದೆಹಲಿಯ ಜೆಎನ್‌ಯುದಲ್ಲಿ ಬಿ.ಎ. ಆನರ್ಸ್‌ನಿಂದ ಪಿಎಚ್.ಡಿ.ವರೆಗೂ ಸ್ಪ್ಯಾನಿಷ್ ಇದೆ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲೂ (ಇಫ್ಲು) ಇದೆ. ಜೊತೆಗೆ ಸ್ಪೇನ್ ಸರ್ಕಾರದ ಸೆರ್ವಾಂತೆಸ್ ಸಂಸ್ಥೆಯ ‘ದೇಲೆ’ ಪರೀಕ್ಷೆ, ಎ1ರಿಂದ ಸಿ2ವರೆಗೆ ಆರು ಮೆಟ್ಟಿಲು. ನಾಲ್ಕನೇ ಮೆಟ್ಟಿಲು ಬಿ2 ದಾಟಿದವರಿಗೆ ಅನುವಾದ, ಶಾಲೆಯಲ್ಲಿ ಪಾಠ, ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಹೀಗೆ ದಾರಿಗಳಿವೆ. ವಿಶ್ವವಿದ್ಯಾಲಯದ ಹುದ್ದೆಗಳು ಬೆರಳೆಣಿಕೆ, ಅದಕ್ಕೆ ವರ್ಷಗಟ್ಟಲೆ ಕಾಯಬೇಕಾಗಬಹುದು. ಸಿಕ್ಕ ಮೇಲೂ ದಿನದ ಹೆಚ್ಚು ಪಾಲು ಮೊದಲ ವರ್ಷದವರ ಕ್ರಿಯಾಪದ ತಿದ್ದುವುದಕ್ಕೇ ಹೋಗುತ್ತದೆ. ಸಂಶೋಧನೆ ಏನಿದ್ದರೂ ರಜೆಯಲ್ಲಿ. ನಮ್ಮಮ್ಮನಿಗೆ ಇವತ್ತಿಗೂ ನಾನು ಏನು ಓದುತ್ತೇನೆಂದು ಸರಿಯಾಗಿ ಗೊತ್ತಿಲ್ಲ, ಸಂಬಳ ಬರುತ್ತದೆಂದು ಗೊತ್ತು. ಮಗಳನ್ನು ಓದಿಸಿ.

ಆ ಪತ್ರಿಕೆಗಳನ್ನು ನೋಡಲು ಸ್ಪೇನಿಗೇ ಹೋಗಬೇಕಾ?
– ಗ್ರಂಥಪಾಲಕ, ಶಿವಮೊಗ್ಗ

ಬೇಕಿಲ್ಲ. ಸ್ಪೇನಿನ ರಾಷ್ಟ್ರೀಯ ಗ್ರಂಥಾಲಯ 2007ರಿಂದ ‘ಎಮೆರೊತೇಕಾ ದಿಹಿತಾಲ್’ ಎಂಬ ಹೆಸರಲ್ಲಿ ಹಳೆಯ ಪತ್ರಿಕೆಗಳನ್ನು ಪುಕ್ಕಟೆಯಾಗಿ ಇಂಟರ್ನೆಟ್ಟಿಗೆ ಹಾಕುತ್ತಿದೆ. ಮೆಕ್ಸಿಕೊದಲ್ಲೂ ಇಂಥದ್ದಿದೆ. ಆದರೆ ಹೆಸರು ಹಾಕಿ ಹುಡುಕುವುದನ್ನು ಪೂರ್ತಿ ನಂಬಬೇಡಿ. ಮಾಸಿದ ಅಚ್ಚನ್ನು ಯಂತ್ರ ತಪ್ಪು ಓದುತ್ತದೆ, ಕಿರಿದಾದ ಅಂಕಣದಲ್ಲಿ ಹೆಸರು ಎರಡು ಸಾಲಿಗೆ ಒಡೆದಿರುತ್ತದೆ. ಮೇಲಾಗಿ ಗುಪ್ತನಾಮಗಳ ಕಾಟ. 1833ರಲ್ಲಿ ಸರ್ಕಾರಿ ಕಚೇರಿಗಳನ್ನು ಗೇಲಿ ಮಾಡಿ ‘ನಾಳೆ ಬನ್ನಿ’ ಎಂಬ ಲೇಖನ ಬರೆದ ಸ್ಪೇನಿನ ಲೇಖಕ ಲಾರಾ ಎಷ್ಟೋ ಬರಹಗಳಿಗೆ ‘ಫಿಗಾರೊ’ ಎಂದು ಸಹಿ ಹಾಕಿದ. ಪುಟ ಪುಟ ತಿರುವಲೇಬೇಕು.

ಇದರಲ್ಲಿ ನಮ್ಮ ದೇಶದ ಸಂಬಂಧ ಏನಾದರೂ ಇದೆಯೇ?
– ನಿವೃತ್ತ ಶಿಕ್ಷಕ, ಮೈಸೂರು

ಇದೆ ಸರ್, ಸೊಗಸಾದದ್ದೇ ಇದೆ. 1924ರಲ್ಲಿ ಪೆರುವಿಗೆ ಹೊರಟಿದ್ದ ಟ್ಯಾಗೋರರು ಕಾಯಿಲೆ ಬಿದ್ದು ಬ್ಯೂನಸ್ ಐರಿಸ್‌ನಲ್ಲಿ ಇಳಿಯಬೇಕಾಯಿತು. ಸಾನ್ ಇಸಿದ್ರೊದಲ್ಲಿ ನದಿ ಕಾಣುವ ಮನೆಯೊಂದನ್ನು ಗೊತ್ತುಮಾಡಿ ಅವರನ್ನು ಉಪಚರಿಸಿದವಳು ಅರ್ಜೆಂಟೀನಾದ ಲೇಖಕಿ ವಿಕ್ಟೋರಿಯಾ ಒಕಾಂಪೊ. ಅದೇ ವರ್ಷ ‘ಲಾ ನಾಸಿಯೋನ್’ ಪತ್ರಿಕೆಯಲ್ಲಿ ಟ್ಯಾಗೋರರನ್ನು ಓದುವ ಸಂತೋಷದ ಬಗ್ಗೆ ಆಕೆ ಬರೆದಳು. ಕವಿ ‘ಪೂರಬಿ’ ಸಂಕಲನವನ್ನು ‘ವಿಜಯಾ’ಳಿಗೆ ಅರ್ಪಿಸಿದರಲ್ಲ, ಆ ವಿಜಯಾ ಈಕೆಯೇ. ಮುಂದೆ 1931ರಲ್ಲಿ ‘ಸುರ್’ ಎಂಬ ಪತ್ರಿಕೆ ಹೊರಡಿಸಿದಳು, ಅಲ್ಲಿನ ಹೆಸರಾಂತ ಕತೆಗಾರ ಬೋರ್ಹೆಸ್ ಮೊದಲಾದವರು ಬೆಳೆದದ್ದು ಅದರ ಪುಟಗಳಲ್ಲಿ. ಇಷ್ಟಾದರೂ ನಮ್ಮಲ್ಲಿ ಆಕೆಯನ್ನು ಟ್ಯಾಗೋರರ ಗೆಳತಿ ಎಂದಷ್ಟೇ ನೆನೆಯುತ್ತಾರೆ. ನನಗೆ ಸಿಟ್ಟು ಬರುತ್ತದೆ.

ದೂರದ ಭಾಷೆಯ ಪತ್ರಿಕೆಗೆ ಇಷ್ಟು ಮುತುವರ್ಜಿ, ಕನ್ನಡದ್ದು ಯಾರು ನೋಡಬೇಕು?
– ಓದುಗ, ಗದಗ

ಬೈದದ್ದು ಸರಿಯಾಗಿದೆ. 1843ರ ‘ಮಂಗಳೂರು ಸಮಾಚಾರ’ದಿಂದ ಹಿಡಿದರೆ ನಮ್ಮಲ್ಲೂ ಕೆಲಸ ರಾಶಿ ಬಿದ್ದಿದೆ. ಅಷ್ಟರೊಳಗೆ ನಿಮ್ಮಿಂದ ಒಂದು ಉಪಕಾರ ಆಗಬೇಕು. ಮನೆಯ ಅಟ್ಟದಲ್ಲಿ ಹಳೇ ವಾರಪತ್ರಿಕೆ, ಮಾಸಪತ್ರಿಕೆಗಳಿದ್ದರೆ ರದ್ದಿಗೆ ಹಾಕಬೇಡಿ. ಬೈಂಡ್ ಮಾಡಿಸುವುದಾದರೆ ರಕ್ಷಾಪುಟ, ಜಾಹೀರಾತಿನ ಹಾಳೆ ಕಿತ್ತು ಹಾಕಬಾರದೆಂದು ಬೈಂಡರಿಗೆ ಮೊದಲೇ ಹೇಳಿ, ಅವರು ಅದನ್ನೇ ಮೊದಲು ಕೀಳುತ್ತಾರೆ.